ಓದುಗರ ಪ್ರಶ್ನೆ: ಒಂದೇ ಇಲಿ, ಹಲವು ವರ್ಣತಂತು ಲೆಕ್ಕ

ಮನುಷ್ಯನ ಎರಡನೆಯ ವರ್ಣತಂತು ನಮ್ಮ ಪೂರ್ವಜರಲ್ಲಿದ್ದ ಎರಡು ವರ್ಣತಂತುಗಳು ಬೆಸೆದುಕೊಂಡು ಆದದ್ದು ಎಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಅಂಥ ಬದಲಾವಣೆ ಈಗಲೂ ನಡೆಯುತ್ತಿದೆಯೇ, ನಡೆಯುತ್ತಿದ್ದರೆ ಅದನ್ನು ಕಾಡುಪ್ರಾಣಿಗಳಲ್ಲಿ ನೋಡಲು ಸಾಧ್ಯವೇ ಎಂದು ಹಲವು ಓದುಗರು ಕೇಳಿದ್ದಾರೆ. ಸಾಧ್ಯ; ಅದನ್ನು ಇಲಿಗಳಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಸಸ್ತನಿಗಳು ಬಹಳ ಕಡಿಮೆ. ಆದ್ದರಿಂದ ಈ ಸಲದ ಪುಟಗಳನ್ನು ಇಲಿ, ಹೆಗ್ಗಣ, ಅಳಿಲುಗಳು ಸೇರಿದ ದಂಶಕಗಳ ಗುಂಪಿಗೇ ಮೀಸಲಿಟ್ಟು, ಬಂದ ಪ್ರಶ್ನೆಗಳಲ್ಲಿ ಆರನ್ನು ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಮನೆಯ ಚಿಟ್ಟಿಲಿಗೆ 40 ವರ್ಣತಂತುಗಳಿವೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೆ. ಬೇರೊಂದು ಕಡೆ ಅದೇ ಇಲಿಗೆ 22 ಎಂದಿತ್ತು. ಯಾವುದು ಸರಿ?

ಉತ್ತರ: ಎರಡೂ ಸರಿ. ಮಸ್ ಮಸ್ಕ್ಯುಲಸ್ ಎಂಬ ಶಾಸ್ತ್ರೀಯ ಹೆಸರಿನ ಮನೆ ಚಿಟ್ಟಿಲಿ ಜಗತ್ತಿನ ಹೆಚ್ಚಿನ ಭಾಗಗಳಲ್ಲಿ 40 ವರ್ಣತಂತುಗಳನ್ನೇ ಹೊಂದಿದೆ. ಪ್ರಯೋಗಾಲಯದ ಬಿಳಿ ಇಲಿಯದೂ ಅದೇ ಲೆಕ್ಕ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ 40 ವರ್ಣತಂತುಗಳೂ ಒಂದೇ ಮಾದರಿಯ ಕಡ್ಡಿಗಳಂತಿರುತ್ತವೆ. ಕೋಶ ವಿಭಜನೆಯಾಗುವಾಗ ವರ್ಣತಂತುವನ್ನು ಎಳೆಯುವ ನೂಲುಗಳು ಬಂದು ಹಿಡಿಯುವ ಜಾಗಕ್ಕೆ ಸೆಂಟ್ರೋಮಿಯರ್ ಎನ್ನುತ್ತಾರೆ. ಚಿಟ್ಟಿಲಿಯಲ್ಲಿ ಅದು ಪ್ರತಿ ಕಡ್ಡಿಯ ಒಂದು ತುದಿಯಲ್ಲೇ ಇರುತ್ತದೆ.

ಸ್ವಿಟ್ಜರ್ಲೆಂಡಿನ ಪೊಸ್ಕಿಯಾವೊ ಕಣಿವೆಯ ತಂಬಾಕು ಕಾರ್ಖಾನೆಯಲ್ಲಿ ಸಿಕ್ಕ ಕಪ್ಪು ಮೈಬಣ್ಣದ ಇಲಿಯನ್ನು ವಿಕ್ಟರ್ ಫಾಸಿಯೊ ಎಂಬ ಪ್ರಾಣಿಶಾಸ್ತ್ರಜ್ಞ 1869ರಲ್ಲಿ ಬೇರೆಯೇ ಪ್ರಭೇದವೆಂದು ಹೆಸರಿಸಿದ್ದ. ನೂರು ವರ್ಷಗಳ ಅನಂತರ ಜರ್ಮನಿಯ ಆಲ್‌ಫ್ರೆಡ್ ಗ್ರಾಪ್ ಮತ್ತು ಸಂಗಡಿಗರು ಅದೇ ಕಣಿವೆಯ ಇಲಿಗಳ ಕೋಶಗಳನ್ನು ಪರೀಕ್ಷಿಸಿದಾಗ 26 ವರ್ಣತಂತುಗಳು ಮಾತ್ರ ಕಂಡವು. ಅವುಗಳಲ್ಲಿ 14 ಕಡ್ಡಿಯಂತಿರಲಿಲ್ಲ. ನಡುವೆ ಸೆಂಟ್ರೋಮಿಯರ್ ಇದ್ದು ಎರಡು ಬದಿಗೂ ತೋಳು ಚಾಚಿದ್ದವು. ಏನನ್ನೂ ಕಳೆದುಕೊಳ್ಳದೆ 40 ಹೇಗೆ 26 ಆಯಿತು ಎಂಬುದು ಈ ಆಕಾರವನ್ನು ಕಂಡೊಡನೆ ಹೊಳೆಯುತ್ತದೆ: ಎರಡೆರಡು ಕಡ್ಡಿಗಳು ಸೆಂಟ್ರೋಮಿಯರ್ ಇರುವ ತುದಿಯಲ್ಲಿ ಬೆಸೆದುಕೊಂಡು ಒಂದೊಂದು ಜೋಡುತೋಳಿನ ವರ್ಣತಂತು ಆಗಿವೆ. ಇಂಥ ಬೆಸುಗೆಯನ್ನು 1916ರಲ್ಲಿ ಮಿಡತೆಗಳಲ್ಲಿ ವಿವರಿಸಿದ ವಿಜ್ಞಾನಿಯ ಹೆಸರಿನಲ್ಲಿ ಇದನ್ನು ರಾಬರ್ಟ್‌ಸನ್ ಬೆಸುಗೆ ಎಂದು ಕರೆಯುತ್ತಾರೆ. ತೋಳುಗಳನ್ನು ಎಣಿಸಿದರೆ ಈಗಲೂ 40ಕ್ಕೆ 40 ಸಿಗುತ್ತವೆ. ಪುಸ್ತಕದ ಪುಟಗಳನ್ನು ಹರಿಯದೆ ಎರಡು ಸಂಪುಟಗಳನ್ನು ಒಂದೇ ರಟ್ಟಿಗೆ ಕಟ್ಟಿದ ಹಾಗೆ ಇದು.

ಇದು ಇನ್ನೂ ಮುಂದಕ್ಕೆ ಹೋಗಿರುವುದನ್ನು ಅಟ್ಲಾಂಟಿಕ್ ಸಾಗರದ ಮದೈರಾ ದ್ವೀಪದಲ್ಲಿ ಕಾಣಬಹುದು. ಅಲ್ಲಿಗೆ ಇಲಿಗಳು ಹಡಗಿನಲ್ಲಿ ಮನುಷ್ಯರೊಂದಿಗೆ ಬಂದಿಳಿದು ಹೆಚ್ಚೆಂದರೆ ಸುಮಾರು 1,000 ವರ್ಷಗಳಾಗಿವೆ. ಫ್ರಾನ್ಸಿನ ಜಾನಿಸ್ ಬ್ರಿಟನ್-ಡೇವಿಡಿಯನ್ ಅವರ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಡಿದಾದ ಬೆಟ್ಟಗಳಿಂದ ತುಂಡುತುಂಡಾಗಿ ಬೇರ್ಪಟ್ಟ ಆ ದ್ವೀಪದ ಕಣಿವೆಗಳಲ್ಲಿ 22ರಿಂದ 30ರವರೆಗಿನ ಲೆಕ್ಕವುಳ್ಳ ಆರು ಬಗೆಯ ಇಲಿ ಸಮುದಾಯಗಳಿವೆ, ಮತ್ತು ಪ್ರತಿ ಸಮುದಾಯದಲ್ಲೂ ಬೆಸುಗೆಯ ಜೋಡಿಗಳು ಬೇರೆಬೇರೆಯಾಗಿವೆ. ನೀವು ಓದಿದ 22 ಎಂಬುದು ಚಿಟ್ಟಿಲಿಯಲ್ಲಿ ಈವರೆಗೆ ಕಂಡ ಅತಿ ಕಡಿಮೆ ಲೆಕ್ಕ. ಲಿಂಗ ವರ್ಣತಂತುಗಳನ್ನು ಬಿಟ್ಟರೆ ಇರುವ 19 ಜೋಡಿಗಳಲ್ಲಿ 18 ಜೋಡಿಗಳು ಬೆಸೆದು 9 ಆಗಿ, ಎಲ್ಲಕ್ಕಿಂತ ಚಿಕ್ಕದಾದ 19ನೆಯದು ಮಾತ್ರ ಒಂಟಿಯಾಗಿ ಉಳಿದಾಗ ಈ ಲೆಕ್ಕ ಬರುತ್ತದೆ. ಭೂವಿಜ್ಞಾನದ ಕಾಲಮಾನದಲ್ಲಿ 1,000 ವರ್ಷ ಒಂದು ರೆಪ್ಪೆ ಬಡಿತದಷ್ಟೂ ಅಲ್ಲ. ವಿಕಾಸ ಎಂದರೆ ಲಕ್ಷಾಂತರ ವರ್ಷಗಳ ಮಾತು ಎಂದು ನಂಬಿಕೊಂಡವರಿಗೆ ಮದೈರಾದ ಇಲಿಗಳನ್ನು ತೋರಿಸಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಪ್ರಶ್ನೆ: ಓಡಾಡುವ ಇಲಿಯ ಮೈಯಲ್ಲಿನ ವರ್ಣತಂತುಗಳನ್ನು ಎಣಿಸುವುದಾದರೂ ಹೇಗೆ?

ಉತ್ತರ: ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ಕೋಶ ಎರಡಾಗುವ ಹೊತ್ತಿನಲ್ಲಿ ಮಾತ್ರ. ಆದ್ದರಿಂದ ಕೋಶಗಳು ಬಿಡುವಿಲ್ಲದೆ ವಿಭಜನೆಯಾಗುತ್ತಿರುವ ಮೂಳೆಮಜ್ಜೆಯನ್ನು ಸಂಶೋಧಕರು ಆರಿಸಿಕೊಳ್ಳುತ್ತಾರೆ. ಕಾಲ್ಚಿಸಿನ್ ಎಂಬ ರಾಸಾಯನಿಕವು ವರ್ಣತಂತುಗಳನ್ನು ಎಳೆಯುವ ನೂಲುಗಳನ್ನು ಕಟ್ಟಲು ಬಿಡದೆ ಕೋಶವನ್ನು ಆ ಹಂತದಲ್ಲೇ ತಡೆದು ನಿಲ್ಲಿಸುತ್ತದೆ. ಅನಂತರ ಕೋಶಗಳನ್ನು ತೆಳು ಲವಣದ ದ್ರಾವಣದಲ್ಲಿ ಇಟ್ಟರೆ ಅವು ನೀರು ಹೀರಿ ಉಬ್ಬಿಕೊಳ್ಳುತ್ತವೆ. ಒಳಗೆ ಒತ್ತೊತ್ತಾಗಿದ್ದ ವರ್ಣತಂತುಗಳು ಪರಸ್ಪರ ದೂರ ಸರಿಯುತ್ತವೆ. ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಅವನ್ನು ಸ್ಥಿರಗೊಳಿಸಿ, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬೀಳಿಸಿ ಒಣಗಲು ಬಿಟ್ಟು, ಗೀಮ್ಸಾ ಬಣ್ಣ ಹಾಕಿದರೆ ತಿಳಿನೇರಳೆ ಕಡ್ಡಿಗಳು ಚೆಲ್ಲಿಕೊಂಡಂತೆ ಕಾಣುತ್ತವೆ. ಒಂದು ಕೋಶವನ್ನು ಎಣಿಸಿ ತೀರ್ಮಾನಕ್ಕೆ ಬರುವಂತಿಲ್ಲ, ಏಕೆಂದರೆ ಹನಿ ಬೀಳುವಾಗ ಒಂದೆರಡು ಕಡ್ಡಿಗಳು ಹೊರಗೆ ಸಿಡಿದುಹೋಗುವುದುಂಟು. ಹಲವಾರು ಕೋಶಗಳಲ್ಲಿ ಒಂದೇ ಲೆಕ್ಕ ಬಂದರೆ ಮಾತ್ರ ಅದನ್ನು ಒಪ್ಪುತ್ತಾರೆ. ಯಾವ ಕಡ್ಡಿ ಯಾವುದರೊಂದಿಗೆ ಬೆಸೆದಿದೆ ಎಂಬುದನ್ನು ಗುರುತಿಸಲು, ಬಣ್ಣ ಹಾಕುವ ಮೊದಲು ಟ್ರಿಪ್ಸಿನ್ ಕಿಣ್ವದಿಂದ ಅಲ್ಪ ಕಾಲ ಉಪಚರಿಸಿ, ಪ್ರತಿ ವರ್ಣತಂತುವಿಗೂ ಅದರದೇ ಆದ ಅಡ್ಡಪಟ್ಟಿಗಳು ಮೂಡುವಂತೆ ಮಾಡುತ್ತಾರೆ.

ಪ್ರಶ್ನೆ: ತಂದೆಯ ಲೆಕ್ಕ 40, ತಾಯಿಯದು 26 ಆದರೆ ಮರಿಗಳಲ್ಲಿ ವರ್ಣತಂತುಗಳು ಜೋಡಿಯಾಗುವುದು ಹೇಗೆ? ಜೋಡಿಯಾಗದಿದ್ದರೆ ಇಂಥ ಬದಲಾವಣೆ ಮೊದಲ ಇಲಿಯಲ್ಲೇ ಅಳಿದುಹೋಗಬೇಕಲ್ಲವೇ?

ಉತ್ತರ: ಬಂದ ಪ್ರಶ್ನೆಗಳಲ್ಲೆಲ್ಲ ಇದೇ ಮುಖ್ಯವಾದದ್ದು ಎಂದು ನಾನು ತಿಳಿದಿದ್ದೇನೆ, ಏಕೆಂದರೆ ವರ್ಣತಂತುಗಳು ಬೆಸೆಯುವುದು ಅಂಥ ವಿಶೇಷವೇನಲ್ಲ. ಮನುಷ್ಯರಲ್ಲೇ ಸುಮಾರು ಸಾವಿರಕ್ಕೆ ಒಬ್ಬರು ಇಂಥದೊಂದು ಬೆಸುಗೆಯನ್ನು ಹೊತ್ತು ಆರೋಗ್ಯವಾಗಿ ಬಾಳುತ್ತಿರುತ್ತಾರೆ. ಆದರೆ ಮನುಷ್ಯರ ಯಾವ ಸಮುದಾಯದಲ್ಲೂ ಅದು ಎಲ್ಲರ ಸ್ವತ್ತಾಗಿಲ್ಲ, ಇಲಿಗಳಲ್ಲಿ ಆಗಿದೆ. ವಿವರಣೆ ಬೇಕಾಗಿರುವುದು ಈ ವ್ಯತ್ಯಾಸಕ್ಕೆ.

ಮೊದಲು ಜೋಡಿಯ ವಿಷಯ. ಮರಿಯ ದೇಹದ ಸಾಮಾನ್ಯ ಕೋಶಗಳಿಗೆ ಏನೂ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಪ್ರತಿ ವರ್ಣತಂತುವೂ ತನ್ನ ಪಾಡಿಗೆ ತಾನು ನಕಲಾಗುತ್ತದೆ. ತೊಡಕು ಬರುವುದು ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ, ತಂದೆಯಿಂದ ಬಂದದ್ದೂ ತಾಯಿಯಿಂದ ಬಂದದ್ದೂ ಎದುರಾಬದುರಾಗಿ ಜೋಡಿ ಕಟ್ಟಬೇಕಾದ ಹಂತದಲ್ಲಿ. ಒಂದೇ ಬೆಸುಗೆ ಇದ್ದರೆ, ಜೋಡುತೋಳಿನ ವರ್ಣತಂತುವಿನ ಎರಡು ತೋಳುಗಳಿಗೆ ಎರಡು ಕಡ್ಡಿಗಳು ಬಂದು ಹೊಂದಿಕೊಂಡು ಮೂರರ ಗುಂಪಾಗುತ್ತದೆ. ಆ ಮೂರರಲ್ಲಿ ಬೆಸೆದದ್ದು ಒಂದು ಕಡೆಗೂ ಕಡ್ಡಿಗಳೆರಡೂ ಇನ್ನೊಂದು ಕಡೆಗೂ ಹೋದರೆ ಲೆಕ್ಕ ಸರಿಯಾಗುತ್ತದೆ. ಹೆಚ್ಚಿನ ಸಲ ಹಾಗೆಯೇ ಆಗುತ್ತದೆ. ಬೆಸುಗೆಗಳು ಏಳಾದರೆ ಅಂಥ ಗುಂಪುಗಳೂ ಏಳು, ಎಲ್ಲವೂ ಏಕಕಾಲಕ್ಕೆ ಸರಿಯಾಗಿ ಬೇರೆಯಾಗಬೇಕು. ಸಂತಾನಶಕ್ತಿ ಗಣನೀಯವಾಗಿ ತಗ್ಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಗ್ರಾಪ್ ಅವರ ತಂಡವು ಪೊಸ್ಕಿಯಾವೊ ಇಲಿಗಳನ್ನು ಪ್ರಯೋಗಾಲಯದ ಇಲಿಗಳೊಂದಿಗೆ ಕೂಡಿಸಿ ಪಡೆದ ಮರಿಗಳಲ್ಲಿ ಕಂಡದ್ದು ಇದನ್ನೇ.

ನಿಜವಾದ ಗೋಡೆ ಏಳುವುದು ಬೇರೆ ಕಡೆ. ಒಂದು ಕಣಿವೆಯಲ್ಲಿ 1ನೆಯದು 3ನೆಯದರೊಂದಿಗೆ ಬೆಸೆದಿದೆ, ಪಕ್ಕದ ಕಣಿವೆಯಲ್ಲಿ 3ನೆಯದು 8ನೆಯದರೊಂದಿಗೆ ಬೆಸೆದಿದೆ ಎಂದು ಇಟ್ಟುಕೊಳ್ಳಿ. ಇವೆರಡರ ಮಿಶ್ರತಳಿಯಲ್ಲಿ 3ರ ತೋಳು ಇತ್ತ 1ನ್ನೂ ಅತ್ತ 8ನ್ನೂ ಎಳೆದುಕೊಂಡು ಬರುತ್ತದೆ. 8 ಇನ್ನಾವುದರೊಂದಿಗೋ ಬೆಸೆದಿದ್ದರೆ ಅದೂ ಸೇರಿಕೊಂಡು ಸರಪಳಿ ಉದ್ದವಾಗುತ್ತ ಹೋಗುತ್ತದೆ, ಕೆಲವೊಮ್ಮೆ ತಿರುಗಿ ಬಂದು ಉಂಗುರವೇ ಆಗುತ್ತದೆ. ಅಷ್ಟುದ್ದದ ಸರಪಳಿಯನ್ನು ಲೆಕ್ಕ ತಪ್ಪದೆ ಇಬ್ಭಾಗ ಮಾಡುವುದು ಕೋಶಕ್ಕೆ ಬಹುಮಟ್ಟಿಗೆ ಅಸಾಧ್ಯ. 40 ಲೆಕ್ಕದ ತವರಿನ ಇಲಿಯೊಂದಿಗೆ ಎರಡು ಕಣಿವೆಗಳ ಇಲಿಗಳೂ ಹೇಗೋ ಸಂತಾನ ಪಡೆದಾವು, ಪರಸ್ಪರ ಕೂಡಿದರೆ ಮಾತ್ರ ಬಂಜೆ ಮರಿಗಳು ಹುಟ್ಟಿಯಾವು. ತವರಿನಿಂದ ದೂರವಾಗುವುದಕ್ಕಿಂತ ನೆರೆಯವರಿಂದಲೇ ಹೆಚ್ಚು ದೂರವಾಗುವ ಈ ಬಗೆ ಪ್ರಭೇದಗಳ ಹುಟ್ಟನ್ನು ಕುರಿತ ನಮ್ಮ ಸಾಮಾನ್ಯ ಕಲ್ಪನೆಗೆ ಹೊರತಾಗಿದೆ.

ಇನ್ನು, ನಷ್ಟವನ್ನುಂಟುಮಾಡುವ ಬೆಸುಗೆ ಅಳಿಯದೆ ನೆಲೆಯೂರಿದ್ದು ಹೇಗೆ? ಒಂದು ಕಾರಣ ಇಲಿಗಳ ಬಾಳುವೆಯೇ. ಚಿಟ್ಟಿಲಿ ಹುಟ್ಟಿದ ಆರೆಂಟು ವಾರಗಳಲ್ಲಿ ಬೆದೆಗೆ ಬರುತ್ತದೆ, ಸುಮಾರು 20 ದಿನ ಗರ್ಭ ಹೊತ್ತು ಈಯುತ್ತದೆ. ಒಂದು ಕೊಟ್ಟಿಗೆ ಅಥವಾ ಒಂದು ಕಣಜದಲ್ಲಿ ಬೆರಳೆಣಿಕೆಯ ಇಲಿಗಳು ಒಂದು ಬಲಿಷ್ಠ ಗಂಡಿನ ಸುತ್ತ ಕುಟುಂಬ ಕಟ್ಟಿಕೊಂಡು ತಮ್ಮತಮ್ಮಲ್ಲೇ ಕೂಡಿ ಬೆಳೆಯುತ್ತವೆ. ಇಷ್ಟು ಸಣ್ಣ ಗುಂಪಿನಲ್ಲಿ, ತುಸು ಹಾನಿಕರವಾದ ಬದಲಾವಣೆಯೂ ಬರಿಯ ಆಕಸ್ಮಿಕದಿಂದ ಎಲ್ಲ ಸದಸ್ಯರಿಗೂ ಹರಡಿಬಿಡಬಹುದು. ಹರಡಿದ ಮೇಲೆ ಎಲ್ಲರಲ್ಲೂ ಜೋಡಿ ಸಮನಾಗಿ ಹೊಂದುವುದರಿಂದ ಹಾನಿಯೇ ಉಳಿಯುವುದಿಲ್ಲ.

ಎರಡನೆಯ ಕಾರಣ ಹೆಣ್ಣಿನ ಅಂಡಾಶಯದೊಳಗೆ ನಡೆಯುವ ಪೈಪೋಟಿ. ವೀರ್ಯಾಣುಗಳಾಗುವಾಗ ಒಂದು ಕೋಶದಿಂದ ನಾಲ್ಕೂ ಬಳಕೆಗೆ ಬರುತ್ತವೆ. ಅಂಡಾಣುವಾಗುವಾಗ ಹಾಗಲ್ಲ, ಒಂದೇ ಅಂಡಾಣುವಾಗಿ ಉಳಿದು, ಮಿಕ್ಕ ಪಾಲು ಧ್ರುವಕಾಯ ಎಂಬ ಸಣ್ಣ ತುಣುಕುಗಳಲ್ಲಿ ಸೇರಿ ವ್ಯರ್ಥವಾಗುತ್ತದೆ. ಅಂದರೆ ಅಂಡಾಣುವಿನ ಕಡೆಗೆ ಸರಿಯುವ ವರ್ಣತಂತುವಿಗೆ ಮುಂದಿನ ಪೀಳಿಗೆಯಿದೆ, ಇನ್ನೊಂದಕ್ಕಿಲ್ಲ. ಯಾವುದರ ಸೆಂಟ್ರೋಮಿಯರ್‌ನಲ್ಲಿ ನೂಲು ಹಿಡಿಯುವ ಪ್ರೋಟೀನುಗಳು ಹೆಚ್ಚು ಕೂಡಿಕೊಂಡಿವೆಯೋ ಅದು ಅಂಡಾಣುವಿನ ಕಡೆಗೆ ಉಳಿಯುವ ಸಾಧ್ಯತೆ ಹೆಚ್ಚು. ಅಮೆರಿಕದ ಮೈಕೆಲ್ ಲ್ಯಾಂಪ್ಸನ್ ಅವರ ತಂಡ 2014ರಲ್ಲಿ ಇದನ್ನು ಇಲಿಗಳಲ್ಲೇ ಅಳೆದು ತೋರಿಸಿತು: ಎಲ್ಲಿ ಕಡ್ಡಿಗಳ ಸೆಂಟ್ರೋಮಿಯರ್ ದುರ್ಬಲವಾಗಿದೆಯೋ ಅಲ್ಲಿ ಬೆಸೆದ ವರ್ಣತಂತುವೇ ಗೆಲ್ಲುತ್ತದೆ. ಒಂದು ಸಮುದಾಯದಲ್ಲಿ ಬೆಸುಗೆಗಳು ಒಂದರ ಮೇಲೊಂದರಂತೆ ಕೂಡಿಬರುವುದಕ್ಕೂ ಬೇರೆಡೆ ಒಂದೂ ಇಲ್ಲದಿರುವುದಕ್ಕೂ ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇದೇ. ಇಲಿಗೆ ಇದರಿಂದ ಲಾಭವೇನೂ ಇಲ್ಲ. ಲಾಭ ವರ್ಣತಂತುವಿಗೆ ಮಾತ್ರ.

ಪ್ರಶ್ನೆ: ವರ್ಣತಂತುಗಳು ಹೆಚ್ಚಿದ್ದಷ್ಟೂ ಆ ಪ್ರಾಣಿ ಹೆಚ್ಚು ಮುಂದುವರಿದದ್ದೇ?

ಉತ್ತರ: ಅಲ್ಲ. ಸಸ್ತನಿಗಳಲ್ಲೆಲ್ಲ ಅತಿ ಹೆಚ್ಚು, ಅಂದರೆ 102 ವರ್ಣತಂತುಗಳಿರುವುದು ಅರ್ಜೆಂಟೀನಾದ ಉಪ್ಪುನೆಲದಲ್ಲಿ ಬಿಲ ತೋಡುವ ಟಿಂಪನಾಕ್ಟೊಮಿಸ್ ಬರೇರೆ ಎಂಬ ಇಲಿಗೆ. ಅದೇ ದಕ್ಷಿಣ ಅಮೆರಿಕದ ಅಕೊಡಾನ್ ಕುಲದ ಒಂದು ಇಲಿಗೆ 10 ಸಾಕಾಗಿದೆ. ಎರಡೂ ತಮ್ಮ ನೆಲದಲ್ಲಿ ಚೆನ್ನಾಗಿಯೇ ಬದುಕಿವೆ. 102ರ ಇಲಿಯಲ್ಲಿ ಇಡೀ ವರ್ಣತಂತು ಸಮೂಹವೇ ಇಮ್ಮಡಿಯಾಗಿದೆ ಎಂದು 1999ರಲ್ಲಿ ಪ್ರಕಟವಾದಾಗ ದೊಡ್ಡ ಸಂಚಲನವಾಗಿತ್ತು. ಆದರೆ ವರ್ಣತಂತುಗಳಿಗೆ ಬಗೆಬಗೆಯ ಬಣ್ಣ ಕೊಟ್ಟು ನೋಡಿದ 2005ರ ಅಧ್ಯಯನವೂ, ಅನಂತರದ ಡಿಎನ್‌ಎ ಅಧ್ಯಯನಗಳೂ ಅದನ್ನು ಒಪ್ಪಲಿಲ್ಲ. ಅಲ್ಲಿ ಹಿಗ್ಗಿರುವುದು ಮತ್ತೆ ಮತ್ತೆ ಪುನರಾವರ್ತನೆಯಾಗುವ ಡಿಎನ್‌ಎ ಭಾಗಗಳು, ವಂಶವಾಹಿಗಳ ಸಂಖ್ಯೆಯಲ್ಲ.

ಪ್ರಶ್ನೆ: ಹಾಗಾದರೆ ವರ್ಣತಂತು ಲೆಕ್ಕ ಬೇರೆಯಾದೊಡನೆ ಅದು ಬೇರೆ ಪ್ರಭೇದವಾಯಿತು ಎನ್ನಬಹುದೇ? ಮೈಬಣ್ಣ, ವಿಷನಿರೋಧದಂಥ ಗುಣಗಳಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಹಾಗೆ ಹೇಳಲಾಗದು, ಮತ್ತು ಈ ಎಚ್ಚರವನ್ನು ಕಲಿಸಿದ್ದು ಕಪ್ಪಿಲಿ. ಜಪಾನಿನ ಮಿಶಿಮಾದ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆಯ ಟಿ. ಎಚ್. ಯೊಸಿಡಾ ಅನೇಕ ದೇಶಗಳ ಕಪ್ಪಿಲಿಗಳನ್ನು ಪರೀಕ್ಷಿಸಿ, ಏಷ್ಯಾದ ಬಹುಭಾಗದಲ್ಲಿ 42, ಶ್ರೀಲಂಕಾದಲ್ಲಿ 40, ಹಡಗುಗಳೊಂದಿಗೆ ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಿಗೆ ಹರಡಿದವುಗಳಲ್ಲಿ 38 ಎಂದು ತೋರಿಸಿದರು. 11ನೆಯ ಮತ್ತು 12ನೆಯ ವರ್ಣತಂತುಗಳು ಬೆಸೆದಾಗ 40, ಅದರ ಮೇಲೆ 4ನೆಯದು ಮತ್ತು 7ನೆಯದು ಬೆಸೆದಾಗ 38. ಈ ಎರಡನೆಯ ಬೆಸುಗೆ ಭಾರತದ ದಕ್ಷಿಣ ಭಾಗದಲ್ಲಿ ಆಗಿರಬೇಕೆಂಬುದು ಅವರ ವಾದವಾಗಿತ್ತು. 42 ಮತ್ತು 38ರ ಇಲಿಗಳ ಮಿಶ್ರತಳಿಗಳಲ್ಲಿ ಸಂತಾನಶಕ್ತಿ ತೀರ ಕಡಿಮೆ. ಆದರೆ ಬರಿಯ ಎರಡು ಬೆಸುಗೆಗಳಿಂದ ಅಷ್ಟು ಕೆಡುಕಾಗಬಾರದು ಎಂಬುದನ್ನು ಚಿಟ್ಟಿಲಿಗಳಿಂದ ನಾವು ಬಲ್ಲೆವು. ಡಿಎನ್‌ಎ ಹೋಲಿಕೆಯೂ ಇವೆರಡು ಬಹುಕಾಲದಿಂದ ಬೇರೆಯಾದ ವಂಶಗಳೆಂದೇ ಹೇಳುತ್ತದೆ. ಈಗ 42ರದನ್ನು ರಾಟಸ್ ಟನೆಜುಮಿ ಎಂಬ ಪ್ರತ್ಯೇಕ ಪ್ರಭೇದವೆಂದು ಪರಿಗಣಿಸುತ್ತಾರೆ. ಅಂದರೆ ಇಲ್ಲಿ ಲೆಕ್ಕದ ವ್ಯತ್ಯಾಸವು ಬೇರ್ಪಡೆಯ ಗುರುತು, ಅದರ ಏಕೈಕ ಕಾರಣವಲ್ಲ. ಲೆಕ್ಕ ಒಂದೇ ಇದ್ದೂ ಬಂಜೆತನ ಬರಬಹುದೆಂಬುದಕ್ಕೆ ಯೂರೋಪಿನ ಪೂರ್ವ, ಪಶ್ಚಿಮಗಳ ಎರಡು ಚಿಟ್ಟಿಲಿ ಉಪಪ್ರಭೇದಗಳೇ ಸಾಕ್ಷಿ. ಅವುಗಳ ಕೆಲವು ಗಂಡು ಮಿಶ್ರತಳಿಗಳು ಬಂಜೆಯಾಗಲು ಪಿಆರ್‌ಡಿಎಂ9 ಎಂಬ ವಂಶವಾಹಿ ಕಾರಣವೆಂದು 2009ರಲ್ಲಿ ಗೊತ್ತಾಯಿತು.

ಗುಣಗಳ ವಿಷಯಕ್ಕೆ ಬಂದರೆ, ಕೆಲವಕ್ಕೆ ವರ್ಣತಂತುವಿನ ಜೋಡಣೆ ಬದಲಾಗಬೇಕಾಗಿಯೇ ಇಲ್ಲ. ಅರಿಜೋನಾದ ಮರುಭೂಮಿಯಲ್ಲಿ ತಿಳಿಬಣ್ಣದ ಬಂಡೆಗಳ ಮೇಲೆ ವಾಸಿಸುವ ಜೇಬಿಲಿ ಮರಳುಬಣ್ಣದ್ದು, ಕಪ್ಪು ಲಾವಾ ಹರಿದು ಗಟ್ಟಿಯಾದ ಕಡೆ ವಾಸಿಸುವುದು ಕಪ್ಪುಬಣ್ಣದ್ದು. ಅಲ್ಲಿನ ಪಿನಕಾಟೆ ಲಾವಾ ನೆಲದಲ್ಲಿ ಈ ವ್ಯತ್ಯಾಸ ಎಂಸಿ1ಆರ್ ಎಂಬ ಒಂದೇ ವಂಶವಾಹಿಯಿಂದ ಬಂದಿದೆಯೆಂದು ಮೈಕೆಲ್ ನಾಕ್‌ಮನ್ ತಂಡ 2003ರಲ್ಲಿ ತೋರಿಸಿತು. ನ್ಯೂಮೆಕ್ಸಿಕೋದ ಲಾವಾ ನೆಲದ ಕಪ್ಪು ಇಲಿಗಳಲ್ಲಿ ಅದೇ ಬಣ್ಣಕ್ಕೆ ಬೇರೆ ದಾರಿ ಸಿಕ್ಕಿದೆ, ಎಂಸಿ1ಆರ್ ಅಲ್ಲಿ ಬದಲಾಗಿಲ್ಲ. ವಾರ್ಫರಿನ್ ಎಂಬ ಇಲಿಪಾಷಾಣಕ್ಕೆ ಜಗ್ಗದ ಹೆಗ್ಗಣಗಳು 1958ರಲ್ಲಿಯೇ ಸ್ಕಾಟ್ಲೆಂಡಿನಲ್ಲಿ ಕಂಡವು; ಕಾರಣವಾದ ವಿಕೆಒಆರ್‌ಸಿ1 ವಂಶವಾಹಿಯನ್ನು ಸ್ಪೇನ್ ಮತ್ತು ಜರ್ಮನಿಯ ಕೆಲವು ಮನೆ ಚಿಟ್ಟಿಲಿಗಳು ಮಸ್ ಸ್ಪ್ರೀಟಸ್ ಎಂಬ ಬೇರೆಯೇ ಪ್ರಭೇದದೊಂದಿಗೆ ಕೂಡಿ ಪಡೆದುಕೊಂಡಿವೆ ಎಂದು 2011ರಲ್ಲಿ ತಿಳಿಯಿತು.

ಆದರೆ ಹಲವು ಗುಣಗಳು ಒಟ್ಟಿಗೇ ಬೇಕಾದಾಗ ವರ್ಣತಂತುವಿನ ಪಾತ್ರ ಬರುತ್ತದೆ. ಉತ್ತರ ಅಮೆರಿಕದ ಜಿಂಕೆಯಿಲಿಗಳ ಕುಲದಲ್ಲಿ ಲೆಕ್ಕ ಎಲ್ಲೆಲ್ಲೂ 48, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬದಲಾಗಿರುವುದು ವರ್ಣತಂತುಗಳೊಳಗಿನ ತುಂಡುಗಳ ದಿಕ್ಕು. ಆರಿಗನ್‌ನ ಕಾಡಿನ ಜಿಂಕೆಯಿಲಿಗೆ ಹುಲ್ಲುಗಾವಲಿನದಕ್ಕಿಂತ ಬಾಲ ಉದ್ದ, ಮೈ ಹೆಚ್ಚು ಕೆಂಪು. ಹೋಪಿ ಹೂಕ್‌ಸ್ಟ್ರಾ ಅವರ ತಂಡ 2022ರಲ್ಲಿ ವರದಿ ಮಾಡಿದಂತೆ, ಈ ಎರಡೂ ಗುಣಗಳ ಮೇಲೆ ಪ್ರಭಾವ ಬೀರುವುದು 15ನೆಯ ವರ್ಣತಂತುವಿನಲ್ಲಿ ಸುಮಾರು 4.1 ಕೋಟಿ ಡಿಎನ್‌ಎ ಅಕ್ಷರಗಳಷ್ಟು ಉದ್ದದ, ಹಿಂದುಮುಂದಾಗಿ ತಿರುಗಿ ಕೂತ ಒಂದು ಭಾಗ. ತಿರುಗಿದ ಭಾಗವೂ ತಿರುಗದ ಭಾಗವೂ ಎದುರಾದಾಗ ಅವುಗಳ ನಡುವೆ ಕೊಡುಕೊಳ್ಳುವಿಕೆ ಬಹುತೇಕ ನಿಂತುಹೋಗುತ್ತದೆ. ಆದ್ದರಿಂದ ಹುಲ್ಲುಗಾವಲಿನ ಇಲಿಯೊಂದಿಗೆ ಕೂಡಿದರೂ ಕಾಡಿಗೆ ಒಗ್ಗಿದ ವಂಶವಾಹಿಗಳ ಕಟ್ಟು ಬಿಚ್ಚಿಹೋಗದೆ ಇಡಿಯಾಗಿ ಮರಿಗೆ ದಾಟುತ್ತದೆ.

ಪ್ರಶ್ನೆ: ವೈ ವರ್ಣತಂತು ಇಲ್ಲದ ಗಂಡು ಇಲಿಗಳಿವೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಜ. ಇರಾನ್, ಆರ್ಮೇನಿಯ ಭಾಗಗಳಲ್ಲಿ ನೆಲದೊಳಗೆ ಬಾಳುವ ಎಲ್ಲೋಬಿಯಸ್ ಲುಟೆಸೆನ್ಸ್ ಎಂಬ ಇಲಿಗೆ ಗಂಡಿರಲಿ ಹೆಣ್ಣಿರಲಿ 17 ವರ್ಣತಂತುಗಳು. ಇಬ್ಬರಿಗೂ ಒಂದೇ ಎಕ್ಸ್, ವೈ ಯಾರಿಗೂ ಇಲ್ಲ. ಸ್ವಿಟ್ಜರ್ಲೆಂಡಿನ ರಾಬರ್ಟ್ ಮಾಥೆ ಇದನ್ನು 1950ರ ದಶಕದಲ್ಲೇ ಗಮನಿಸಿದ್ದರು. ಇಂಥ ಏರ್ಪಾಡಿಗೆ ತೆರಬೇಕಾದ ಬೆಲೆ ದೊಡ್ಡದು: ಎರಡು ಎಕ್ಸ್ ಬಂದ ಭ್ರೂಣಗಳೂ ಒಂದೂ ಬಾರದ ಭ್ರೂಣಗಳೂ ಉಳಿಯುವುದಿಲ್ಲವಾದ್ದರಿಂದ ಅರ್ಧದಷ್ಟು ಗರ್ಭದಲ್ಲೇ ನಷ್ಟವಾಗುತ್ತವೆ.

ಜಪಾನಿನ ಅಮಾಮಿ ದ್ವೀಪದ ಮುಳ್ಳಿಲಿಯಲ್ಲಿಯೂ ಹೀಗೆಯೇ; ಅದರ ಲೆಕ್ಕ 25, ಪಕ್ಕದ ತೊಕುನೊಶಿಮಾ ದ್ವೀಪದ ಸೋದರ ಪ್ರಭೇದದ್ದು 45, ಎರಡರಲ್ಲೂ ವೈ ಇಲ್ಲ. ವೈ ಮೇಲಿದ್ದು ಗಂಡುತನಕ್ಕೆ ಚಾಲನೆ ಕೊಡುತ್ತಿದ್ದ ಎಸ್‌ಆರ್‌ವೈ ವಂಶವಾಹಿಯೂ ಅವುಗಳಲ್ಲಿ ಇಲ್ಲ. ಹಾಗಾದರೆ ಆ ಕೆಲಸ ಮಾಡುವುದು ಯಾವುದು? ಹೊಕ್ಕೈಡೊ ವಿಶ್ವವಿದ್ಯಾಲಯದ ಅಸಾಟೊ ಕುರೊಯಿವಾ ಅವರ ತಂಡ ವರ್ಷಗಟ್ಟಲೆ ಹುಡುಕಿ 2022ರಲ್ಲಿ ಉತ್ತರ ಪ್ರಕಟಿಸಿತು. ಅಮಾಮಿ ಗಂಡುಗಳ 3ನೆಯ ವರ್ಣತಂತುಗಳ ಜೋಡಿಯಲ್ಲಿ ಒಂದರ ಮೇಲೆ ಮಾತ್ರ ಸುಮಾರು 17,000 ಅಕ್ಷರಗಳ ಒಂದು ತುಣುಕು ಎರಡು ಸಲ ಬರೆಯಲ್ಪಟ್ಟಿದೆ. ಹೆಣ್ಣುಗಳಲ್ಲಿ ಅದು ಒಂದೇ ಸಲ ಇದೆ. ಈ ತುಣುಕು ವೃಷಣಗಳ ಬೆಳವಣಿಗೆಗೆ ಬೇಕಾದ ಸಾಕ್ಸ್9 ಎಂಬ ವಂಶವಾಹಿಯ ಬಳಿಯಿದೆ. ಅದೇ ತುಣುಕನ್ನು ಎರಡು ಎಕ್ಸ್ ಇರುವ ಪ್ರಯೋಗಾಲಯದ ಹೆಣ್ಣು ಚಿಟ್ಟಿಲಿ ಭ್ರೂಣಗಳಿಗೆ ಸೇರಿಸಿದಾಗ, ಅವು ಪೂರ್ತಿ ಗಂಡಾಗದಿದ್ದರೂ, ಅವುಗಳಲ್ಲಿ ಸಾಕ್ಸ್9 ಚುರುಕುಗೊಂಡಿತು. ಹಳೆಯ ವೈ ಹೋದ ಮೇಲೆ ಒಂದು ಸಾಮಾನ್ಯ ವರ್ಣತಂತು ಲಿಂಗ ವರ್ಣತಂತುವಾಗಲು ಹೊರಟಿರುವುದನ್ನು ನಾವು ಇಲ್ಲಿ ನೋಡುತ್ತಿದ್ದೇವೆ.

ಅದೇ ಕುಲದ ಮೂರನೆಯ ಪ್ರಭೇದ ಒಕಿನಾವಾ ದ್ವೀಪದ್ದು. ಅದಕ್ಕೆ 44 ವರ್ಣತಂತುಗಳು, ವೈ ಇನ್ನೂ ಇದೆ, ಬೇರೊಂದು ವರ್ಣತಂತು ಬಂದು ಬೆಸೆದು ದೊಡ್ಡದಾಗಿದೆ. ಅದರ ಮೇಲೆ ಎಸ್‌ಆರ್‌ವೈಯ ಹಲವು ಪ್ರತಿಗಳಿವೆ, ಆದರೆ ಡಿಎನ್‌ಎಗೆ ಅಂಟಿಕೊಂಡು ಕೆಲಸ ಮಾಡುವ ಅವುಗಳ ಶಕ್ತಿ ಕುಂದಿರುವ ಲಕ್ಷಣಗಳು ಕಂಡಿವೆ. ಮೂರೂ ಪ್ರಭೇದಗಳು ಈಗ ಅಳಿವಿನಂಚಿನಲ್ಲಿವೆ.